ಕಾಲಳತೆ

ಗಿಡದ ಬುಡಕ್ಕೆ ಹೊದಿಕೆ ಎಷ್ಟು ದಪ್ಪ ಹಾಕಬೇಕು ಎಂದು ನೋಡಲು ಆ ತೋಟದಲ್ಲಿ ಅಳತೆಕೋಲು ಇರಲಿಲ್ಲ. ಪಂಕಜಂ ಅವರ ಬಲಗಾಲು ಇತ್ತು. ಒಣಗರಿಯೋ, ಕಡಲೆಕಾಯಿ ಸಿಪ್ಪೆಯೋ, ತೆಂಗಿನ ನಾರಿನ ಪುಡಿಯೋ, ಏನೇ ಆಗಲಿ, ಆಳುಗಳು ಹರಡಿ ಮುಗಿಸಿದ ಮೇಲೆ ಅವರು ಬಂದು ಅದರೊಳಗೆ ಪಾದ ಇಳಿಸುತ್ತಿದ್ದರು. ಬೆರಳ ತುದಿಗೆ ಕೆಳಗಿನ ಮಣ್ಣಿನ ತಂಪು ತಾಕಬೇಕು. ಮೇಲೆ ಪಾದದ ಗಂಟು ಕಾಣುತ್ತಿರಬೇಕು. ಉಗುರು ಕಂಡರೆ ಕಡಿಮೆ, ಮಣ್ಣು ಸಿಗದಿದ್ದರೆ ಹೆಚ್ಚು. ಕಾಂಡದ ಸುತ್ತ ಒಂದು ಗೇಣು ಬರಿಯ ನೆಲ ಬಿಡಬೇಕು. "ಕತ್ತಿನ ತನಕ ಹೊದ್ದರೆ ಅದು ಕಂಬಳಿ. ಮೂಗಿನ ಮೇಲೆ ಹೊದ್ದರೆ ಅದು ಬೇರೆ," ಎಂದು ಅವರ ಅತ್ತೆ ಹೇಳಿಕೊಟ್ಟಿದ್ದರು. ಬೇರೆ ಎಂದರೆ ಏನು ಎಂದು ಆ ಮುದುಕಿ ಬಿಡಿಸಿ ಹೇಳಿರಲಿಲ್ಲ.

ನೆಗಮಂನಿಂದ ದಕ್ಷಿಣಕ್ಕೆ ಮೂರು ಮೈಲಿ ದೂರದಲ್ಲಿತ್ತು ತೋಟ. ಸುತ್ತಲೂ ತಮಿಳು, ಮನೆಯೊಳಗೆ ಕನ್ನಡ. ಆ ಕನ್ನಡವನ್ನು ಓದಲು ಬರೆಯಲು ಬಲ್ಲವರು ಮನೆಯಲ್ಲಿ ಒಬ್ಬರೂ ಇರಲಿಲ್ಲ. ಎಷ್ಟೋ ತಲೆಮಾರಿನ ಹಿಂದೆ ಬಿತ್ತನೆ ರಾಗಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಘಟ್ಟ ಇಳಿದು ನಡೆದು ಬಂದ ಅಜ್ಜಿಯೊಬ್ಬಳ ನೆನಪಿಗೆ ತೋಟದ ನಡುವೆ, ಬೇವಿನ ಮರದ ಕೆಳಗೆ, ಮೊಳಕಾಲೆತ್ತರದ ಕಲ್ಲೊಂದು ನಿಂತಿತ್ತು. ಅಜ್ಜಿಕಲ್ಲು. ಅವಳು ಬರಿಗಾಲಲ್ಲಿ ಬಂದವಳು. ಹಾಗಾಗಿ ಆ ತೋಟದೊಳಗೆ ಯಾರೂ ಚಪ್ಪಲಿ ಮೆಟ್ಟುವಂತಿರಲಿಲ್ಲ. ಹಸು ನೋಡಲು ಬರುವ ಡಾಕ್ಟರೂ ತಟ್ಟಿಬಾಗಿಲ ಹತ್ತಿರ ಬೂಟು ಬಿಚ್ಚಿ, ಮುಳ್ಳಿಗೆ ಹೆದರಿ ಕೊಕ್ಕರೆಯ ಹಾಗೆ ಕಾಲೆತ್ತಿ ಹಾಕುತ್ತ ಬರುತ್ತಿದ್ದರು.

ಪಂಕಜಂ ಅವರ ಕಾಲು ಸತ್ತು ಒಂಬತ್ತು ತಿಂಗಳಾಗಿತ್ತು.

ಅದು ಗೊತ್ತಾದದ್ದು ಹೋದ ಆಡಿ ತಿಂಗಳಲ್ಲಿ, ಆಷಾಢದ ಹೊತ್ತಿಗೆ. ತೋಟದಿಂದ ಬಂದು ಜಗಲಿಯ ಮೇಲೆ ನಡೆದಾಗ ಸಿಮೆಂಟಿನ ಮೇಲೆ ಒಂದೊಂದು ಹೆಜ್ಜೆಗೂ ಕೆಂಪು ಬೊಟ್ಟು ಬಿದ್ದಿತ್ತು. ಹಿಂತಿರುಗಿ ನೋಡಿದರು. ಯಾರ ರಕ್ತ ಎಂದು ಮೊದಲು ಅನಿಸಿದ್ದು. ಅಂಗಾಲು ತಿರುಗಿಸಿದರೆ ಬೆರಳುದ್ದದ ಕರಿಜಾಲಿ ಮುಳ್ಳು ಪೂರ್ತಿ ಒಳಗೆ ಹೋಗಿ ಮುರಿದಿತ್ತು. ಸೊಸೆ ಬರುವ ಮೊದಲು ನೆಲ ಒರೆಸಿದರು. ಮರುವಾರ ಒಬ್ಬರೇ ಬಸ್ಸು ಹತ್ತಿ ಪೊಳ್ಳಾಚಿಗೆ ಹೋದರು. ಅಲ್ಲಿನ ಡಾಕ್ಟರು ಕಣ್ಣು ಮುಚ್ಚಿಸಿ, ಮೀನು ಹಿಡಿಯುವ ದಾರದಂಥ ಕಡ್ಡಿಯಿಂದ ಪಾದ ಮುಟ್ಟುತ್ತ, "ಮುಟ್ಟಿದಾಗ ಹೇಳಿ" ಎಂದರು. ಪಂಕಜಂ ಅಂದಾಜಿನ ಮೇಲೆ ಹೂಂ ಹೂಂ ಎಂದರು. ಕಣ್ಣು ಬಿಟ್ಟಾಗ ಡಾಕ್ಟರು ಕಡ್ಡಿ ಮೇಜಿನ ಮೇಲಿಟ್ಟು ಕೈಕಟ್ಟಿ ಕೂತಿದ್ದರು.

"ನಾನು ಮುಟ್ಟೋದು ಬಿಟ್ಟು ಒಂದು ನಿಮಿಷ ಆಯ್ತಮ್ಮ," ಎಂದರು ತಮಿಳಿನಲ್ಲಿ. "ಸಕ್ಕರೆ ನರ ತಿಂದಿದೆ. ಎರಡು ಕಾಲೂ. ಇನ್ನು ಬರಿಗಾಲಲ್ಲಿ ಒಂದು ಹೆಜ್ಜೆ ಕೂಡ ಬೇಡ. ಮನೆಯೊಳಗೂ ಚಪ್ಪಲಿ. ತೋಟದ ಕೆಲಸ ಮಗ ಸೊಸೆ ನೋಡಿಕೊಳ್ಳಲಿ."

ಮೆತ್ತನೆಯ ಕಪ್ಪು ಚಪ್ಪಲಿಯೊಂದನ್ನು ಬರೆದುಕೊಟ್ಟರು. ಪಂಕಜಂ ಅದನ್ನು ಕೊಂಡು ತಂದು, ಅಕ್ಕಿ ಡ್ರಮ್ಮಿನ ಹಿಂದೆ ತೂಗುಹಾಕಿದ್ದ ಹಳೆಯ ಚೀಲದಲ್ಲಿಟ್ಟರು. ಮನೆಯಲ್ಲಿ, "ಸಕ್ಕರೆ ಸ್ವಲ್ಪ ಮೇಲದೆ ಅಂದ್ರು," ಎಂದಷ್ಟೇ ಹೇಳಿದರು. ಬರಿಗಾಲು ಬೇಡ ಎಂದರೆ ತೋಟ ಬೇಡ ಎಂದಂತೆಯೇ. ತೋಟ ಬೇಡ ಎಂದರೆ ಬೆಳಿಗ್ಗೆ ಎದ್ದು ಮಾಡುವುದೇನು? ಟೀವಿ ಮುಂದೆ ಕೂತು ಅವರೆಕಾಳು ಸುಲಿಯುವುದೇ?

ಸ್ನಾನದ ಹೊತ್ತಿಗೆ ಬಿಸಿನೀರು ಹುಯ್ದುಕೊಳ್ಳುವಾಗ ಆ ಗಡಿ ಸ್ಪಷ್ಟವಾಗಿ ತಿಳಿಯುತ್ತಿತ್ತು. ಮೀನಖಂಡದ ನಡುವಿನ ತನಕ ನೀರು ಬಿಸಿ. ಅಲ್ಲಿಂದ ಕೆಳಕ್ಕೆ ಸುದ್ದಿಯಿಲ್ಲ. ತಿಂಗಳಿಗೊಂದು ನೂಲಿನಷ್ಟು ಆ ಗಡಿ ಮೇಲೆ ಬರುತ್ತಿತ್ತು.

ಪಂಗುನಿ ತಿಂಗಳ ಕೊನೆಯಲ್ಲಿ ನಾರಿನ ಪುಡಿ, ಅವರ ಬಾಯಲ್ಲಿ ತೂಳು, ಬಂತು. ಸೊಸೆ ತೆನ್ಮೊಳಿ ತೆಂಗಿನ ನೆರಳಿನಲ್ಲಿ ನಲವತ್ತು ಜಾಯಿಕಾಯಿ ಸಸಿ ಇಟ್ಟು ಮೂರನೆಯ ವರ್ಷ. ಜಾಯಿಕಾಯಿಗೆ ಬೇರು ಮೇಲೆಯೇ. ಬೇಸಿಗೆಯಲ್ಲಿ ಬುಡ ಕಾದರೆ ಎಲೆ ಉದುರುತ್ತದೆ. ಹೊದಿಕೆ ಬೇಕೇಬೇಕು. ಪಕ್ಕದ ನಾರು ಮಿಲ್ಲಿನಲ್ಲಿ ಪುಡಿ ಗುಡ್ಡದ ಹಾಗೆ ಬಿದ್ದಿತ್ತು. ಜಾಗ ಖಾಲಿಯಾದರೆ ಸಾಕು, ಎಷ್ಟು ಬೇಕಾದರೂ ಒಯ್ಯಿರಿ ಎಂದಿದ್ದರು. ಮಿಲ್ಲಿನ ಲಾರಿ ಓಡಿಸುವ ಇಳಂಗೋ ಮೂರು ಲೋಡು ತಂದು ತಟ್ಟಿಬಾಗಿಲ ಒಳಗೆ ಸುರಿದ.

ಮೂರನೆಯ ಲೋಡಿನ ನಡುಭಾಗ ಕಪ್ಪಗಿತ್ತು. ತೋಟದ ಆಳು ತಂಗವೇಲು ಸಲಿಕೆಯಿಂದ ಕೆದಕಿ ಮೂಸಿ ನೋಡಿದ. ಮೂವತ್ತು ವರ್ಷದಿಂದ ಆ ಮನೆಯಲ್ಲಿ ದುಡಿದವನು, ಅದೇ ಊರಿನ ಕನ್ನಡದವನು.

"ಏನಪ್ಪಾ ಇಳಂಗೋ, ಹೋದ ವಾರ ನಿಮ್ಮ ಗುಡ್ಡ ಹೊಗೆ ಆಡ್ತಿತ್ತಲ್ಲ, ಅದೇ ತೂಳಾ ಇದು?"

"ಅದು ಆ ಮೂಲೇಲಿ ಅಣ್ಣಾ. ನಾಲ್ಕು ಟ್ಯಾಂಕರ್ ನೀರು ಬಿಟ್ಟು ಆರಿಸಿಬಿಟ್ಟರು," ಎಂದ ಇಳಂಗೋ, ಲಾರಿಯಿಂದ ಇಳಿಯದೆ. ಇಳಿದರೆ ಚಪ್ಪಲಿ ಬಿಚ್ಚಬೇಕು.

"ಆರಿತಾ, ಇಲ್ಲ ಕಣ್ಣು ಮುಚ್ಚಿತಾ?"

"ನಿಂಗೆ ಎಲ್ಲದಕ್ಕೂ ಸಂದೇಹ. ಮದುವೆಗೆ ಹೆಣ್ಣು ನೋಡೋಕೆ ಹೋದಾಗ್ಲೂ ಹಿಂಗೇ ಮೂಸಿದ್ದೀಯ, ಅದಕ್ಕೇ ಇನ್ನೂ ಒಂಟಿ," ಎಂದು ನಕ್ಕು ಇಳಂಗೋ ಗಾಡಿ ಹಿಂದಕ್ಕೆ ತೆಗೆದ. ತಂಗವೇಲುವೂ ನಕ್ಕ. ಆದರೆ ಆ ಕಪ್ಪು ಪುಡಿಯನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದೇ ಇದ್ದ.

ಎರಡು ದಿನ ಹರಡಿದರು. ಪುಡಿ ಹಗುರ, ಬುಟ್ಟಿ ಬುಟ್ಟಿ ಸುರಿದರೂ ಸಾಲದ ಹಾಗೆ ಕಾಣುತ್ತದೆ. ಮೊದಲ ದಿನ ಹರಡಿದ್ದು ಇಬ್ಬನಿಗೂ ಹನಿನೀರಿಗೂ ತಗ್ಗಿ ಗಟ್ಟಿಯಾಯಿತು. ಎರಡನೆಯ ದಿನ ಅದರ ಮೇಲೇ ಇನ್ನೊಂದು ಪದರ ಬಿತ್ತು. ಸಂಜೆ ತೆನ್ಮೊಳಿ ಕರೆದಳು.

"ಅತ್ತೇ, ಬಂದು ಕಾಲಿಡ್ರಿ. ನೀವು ಸೆರಿ ಅಂದ್ರೆ ಕೈ ತೊಳ್ಕೋತೀವಿ."

ಪಂಕಜಂ ಮೊದಲ ಗಿಡದ ಬುಡದಲ್ಲಿ ಪಾದ ಇಳಿಸಿದರು. ಪುಡಿ ಸರಿದು ಗಂಟಿನ ಕೆಳಗೆ ಬಂದು ನಿಂತಿತು. ಗಂಟು ಕಾಣುತ್ತಿತ್ತು. ಬೆರಳ ಕೆಳಗೆ ಮಣ್ಣು ಇದೆಯೋ, ನಿನ್ನೆಯ ಗಟ್ಟಿಯಾದ ಪುಡಿಯೇ ಇದೆಯೋ, ಬೆರಳು ಹೇಳಬೇಕಿತ್ತು. ಬೆರಳು ಏನೂ ಹೇಳಲಿಲ್ಲ.

"ಸೆರಿಯಾಗದೆ," ಎಂದರು.

"ಅಕ್ಕಾ," ಎಂದ ತಂಗವೇಲು, "ನಂಗೇನೋ ಮೂಡಾಕು ಸ್ವಲ್ಪ ಜಾಸ್ತಿ ಬಿತ್ತು ಅನ್ಸುತ್ತೆ. ಮೂರು ಲೋಡೂ ನಲವತ್ತು ಗಿಡಕ್ಕೇ ಹೆಚ್ಚುಕಡಿಮೆ ಖಾಲಿ ಆಯ್ತಲ್ಲ." ಹೊದಿಕೆಗೆ ಆ ಕಡೆ ಮೂಡಾಕು ಎಂದೇ ಹೆಸರು.

"ಅಳೀತಿರೋದು ನಿನ್ನ ಕಾಲಾ, ನನ್ನ ಕಾಲಾ?"

"ನಿಮ್ಮದೇ."

"ಹಂಗಾದ್ರೆ ಚುಮ್ಮ ಇರು."

ತಂಗವೇಲು ಬುಟ್ಟಿ ಎತ್ತಿಕೊಂಡು ಪಕ್ಕಕ್ಕೆ ಸರಿದ. ಪಂಕಜಂ ನಲವತ್ತು ಗಿಡಕ್ಕೂ ಹಾಗೆಯೇ ಕಾಲಿಟ್ಟು, ನಲವತ್ತು ಸಲ ಸೆರಿ ಎಂದರು. ಉಳಿದ ನಾಲ್ಕು ಬುಟ್ಟಿ ಕಪ್ಪು ಪುಡಿಯನ್ನು, ಕೂರುವವರಿಗೆ ಮೆತ್ತಗಿರಲಿ ಎಂದು ತೆನ್ಮೊಳಿ ಅಜ್ಜಿಕಲ್ಲಿನ ಸುತ್ತ ಸುರಿಸಿದಳು.

ಒಂದು ವಾರ ಏನೂ ಆಗಲಿಲ್ಲ. ಚಿತ್ತಿರೈ ತಿಂಗಳು ಹುಟ್ಟಿತು. ಬಿಸಿಲು ತೆಂಗಿನ ಗರಿಯ ಸಂದಿಯಿಂದ ಚೂರಿಯ ಹಾಗೆ ಇಳಿಯುತ್ತಿತ್ತು.

ಮೊದಲು ಮನೆಯ ನಾಯಿ ಜಾಗ ಬದಲಿಸಿತು. ಹೊದಿಕೆ ಹಾಕಿದ ದಿನದಿಂದ ಏಳನೆಯ ಗಿಡದ ಬುಡದಲ್ಲಿ ಗುಂಡಿ ತೋಡಿಕೊಂಡು ಮಲಗುತ್ತಿದ್ದ ಅದು, ಒಂದು ಮಧ್ಯಾಹ್ನ ಎದ್ದು ನಿಂತು, ಮಲಗಿದ್ದ ಜಾಗವನ್ನೇ ನೋಡಿ ಗುರ್ ಎಂದು, ಕಾಲುವೆಯ ಕಡೆಗೆ ಹೋಯಿತು. ಮತ್ತೆ ಆ ಸಾಲಿಗೆ ಬರಲಿಲ್ಲ.

ಆಮೇಲೆ ಇರುವೆ. ಕೆಂಜಿಗಗಳ ಸಾಲೊಂದು ಬಿಳಿ ಮೊಟ್ಟೆಗಳನ್ನು ಕಚ್ಚಿಕೊಂಡು ಗಿಡದ ಬುಡ ಬಿಟ್ಟು ಹೊರಟಿತ್ತು. "ಮಳೆ ಬರುತ್ತೆ, ನೋಡು," ಎಂದರು ಪಂಕಜಂ. ಆಕಾಶದಲ್ಲಿ ಕೈಯಗಲದ ಮೋಡವೂ ಇರಲಿಲ್ಲ.

ಹನಿನೀರಿನ ಪೈಪಿನ ಕೆಳಗೆ ಪ್ರತಿ ಗಿಡಕ್ಕೂ ಒಂದು ತಟ್ಟೆಯಗಲ ಒದ್ದೆ ಇರುತ್ತಿತ್ತು. ಏಳನೆಯ ಗಿಡದಲ್ಲಿ ನೀರು ಬಿಟ್ಟ ಅರ್ಧ ಗಂಟೆಗೆ ಆ ತಟ್ಟೆ ಮಾಯವಾಗುತ್ತಿತ್ತು. ಪೈಪು ಕೂಡ ಅಲ್ಲಿ ಸೊಂಟ ಮುರಿದ ಹಾವಿನ ಹಾಗೆ ಬಾಗಿತ್ತು. ಗಿಡದ ಕೆಳಗಿನ ಎಲೆಗಳ ಅಂಚು ಹಪ್ಪಳದ ಬಣ್ಣಕ್ಕೆ ತಿರುಗಿತು.

"ಪೈಪು ಬಿಸಿಲಿಗೆ ಮೆತ್ತಗಾಗದೆ," ಎಂದರು ಪಂಕಜಂ. "ಎಲೆ ಸುಟ್ಟಿರೋದು ತೂಳಿನ ಉಪ್ಪಿಗೆ. ಎರಡು ನೀರು ಜಾಸ್ತಿ ಬುಡು, ಇಳಿದು ಹೋಗುತ್ತೆ."

"ಬಿಸಿಲು ಏಳನೇ ಗಿಡಕ್ಕೆ ಮಾತ್ರ ಬೀಳುತ್ತಾ ಅತ್ತೆ?"

"ಬಿಸಿಲಿಗೂ ಇಷ್ಟದ ಜಾಗ ಇರುತ್ತೆ ಅಮ್ಮುಣಿ."

ಮುದ್ದಿಗೆ ಅತ್ತೆ ಕರೆಯುವ ಆ ಹೆಸರಿಗೆ ತೆನ್ಮೊಳಿ ನಕ್ಕಳು. ಅತ್ತೆಯ ಮಾತಿಗೆ ಅವಳು ಎದುರಾಡುವವಳಲ್ಲ, ಅದು ಹೆದರಿಕೆಯಿಂದಲೂ ಅಲ್ಲ. ಮದುವೆಯಾಗಿ ಬಂದಾಗ ಬದನೆ ಸಸಿಗೂ ಮೆಣಸಿನ ಸಸಿಗೂ ವ್ಯತ್ಯಾಸ ತಿಳಿಯದವಳಿಗೆ ಎಂಟು ವರ್ಷದಲ್ಲಿ ಎಲ್ಲ ಕಲಿಸಿದ್ದು ಅತ್ತೆಯೇ. ಅವಳ ತವರಿನವರು ಹೋದ ವರ್ಷ ಅರಿಸಿನದ ಪಾತಿಗೆ ತರಗು ಹಾಸಿದಾಗ ಫೋನು ಮಾಡಿ ಕೇಳಿದ್ದರು: ನಿಮ್ಮತ್ತೆ ಕಾಲು ಸಾಲ ಸಿಗುತ್ತಾ ಎಂದು.

ಒಂದು ವಾಸನೆಯೂ ಇತ್ತು. ಹಳೆಯ ಬೀಡಿಯಂಥದ್ದು. ಗಾಳಿ ಬೀಸಿದರೆ ಹೋಗುತ್ತಿತ್ತು, ಗಾಳಿ ನಿಂತರೆ ಬರುತ್ತಿತ್ತು. ಮಿಲ್ಲಿನ ಕಡೆಯದು ಎಂದರು ಎಲ್ಲರೂ. ತಂಗವೇಲು ಇದ್ದಿದ್ದರೆ ಮೂಸುತ್ತಿದ್ದನೇನೋ. ಅವನು ತಂಗಿಯ ಮಗಳ ಮದುವೆಗೆಂದು ಉಡುಮಲೈ ಕಡೆಗೆ ಹೋಗಿದ್ದ.

ಆ ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ಅತ್ತೆ ಸೊಸೆ ಇಬ್ಬರೂ ತೋಟಕ್ಕೆ ಬಂದರು. ತೆನ್ಮೊಳಿ ತಟ್ಟಿಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಗಾಳಿ ಇರಲಿಲ್ಲ. ಏಳನೆಯ ಗಿಡದ ಹತ್ತಿರ, ಊದುಬತ್ತಿಯ ಎಳೆಯಷ್ಟು ತೆಳ್ಳಗೆ, ಏನೋ ನೇರವಾಗಿ ಮೇಲಕ್ಕೆ ಏಳುತ್ತಿತ್ತು. ದಿಟ್ಟಿಸಿದರೆ ಇಲ್ಲ. ಕಣ್ಣು ತೆಗೆದರೆ ಇದೆ.

"ಅತ್ತೇ, ಅದು ಹೊಗೆಯಾ?"

"ಎಲ್ಲಿ? ನೀರಿನ ಆವಿ ಇರಬೇಕು. ನಿನ್ನೆ ಸಂಜೆ ನೀರು ಬಿಟ್ಟಿದ್ದಲ್ಲವಾ."

"ನಂಗ್ಯಾಕೋ ಭಯ ಆಗ್ತದೆ. ಮಿಲ್ಲಲ್ಲಿ ಹೋದ ವರ್ಷ ಒಬ್ಬ ಗುಡ್ಡದ ಮೇಲೆ ನಡೆದು ಒಳಗೆ ಇಳಿದುಬಿಟ್ಟನಂತೆ. ಮೇಲೆ ನೋಡಿದ್ರೆ ಏನೂ ಇಲ್ಲ, ಒಳಗೆಲ್ಲ ಕೆಂಡ."

"ಅದು ಗುಡ್ಡ ಕಣೇ. ಆಳ ಇದ್ರೆ ತಾನೆ ಬೆಂಕಿ ಒಳಗೆ ಕೂತ್ಕೊಳ್ಳೋದು? ಬೆರಳು ಮುಚ್ಚೋಷ್ಟು ಮೂಡಾಕಲ್ಲಿ ಕೆಂಡ ಬಿದ್ರೂ ಅದಕ್ಕೆ ಜಾಗ ಎಲ್ಲದೆ? ತಾನಾಗೇ ಸಾಯುತ್ತೆ."

ಹೇಳಿದ್ದು ನಿಜವೇ. ಪದರ ತೆಳ್ಳಗಿದ್ದರೆ ಕಾವು ನಿಲ್ಲದೆ ಬೆಂಕಿ ಸಾಯುತ್ತದೆ. ದಪ್ಪವಿದ್ದರೆ ಅದು ತಿಂಗಳುಗಟ್ಟಲೆ ಒಳಗೊಳಗೇ ತಿನ್ನುತ್ತ ನಡೆಯಬಲ್ಲದು. ಹೇಳುತ್ತಿರುವಾಗಲೇ ಪಂಕಜಂ ಅವರ ಕಣ್ಣು ಸಾಲಿನುದ್ದಕ್ಕೂ ಹೋಯಿತು. ನಲವತ್ತು ಸಲ ಸೆರಿ ಎಂದಿದ್ದರು.

"ಹಂಗಾದ್ರೆ ಒಂದ್ಸಲ ಕಾಲಿಟ್ಟು ನೋಡ್ರಿ ಅತ್ತೆ," ಎಂದಳು ತೆನ್ಮೊಳಿ. "ಬೆಚ್ಚಗದೆಯಾ ಅಂತ. ನಿಮ್ಮ ಕಾಲಿಗೆ ಗೊತ್ತಾಗುತ್ತೆ."

ಬಗ್ಗಿ ಕೈಯಿಟ್ಟು ನೋಡಬಹುದಿತ್ತು. ಆದರೆ ಎಂದೂ ಕಾಲಿಡುವವರು ಇಂದು ಯಾಕೆ ಕೈಯಿಟ್ಟರು ಎಂದು ಸೊಸೆ ಕೇಳುತ್ತಾಳೆ. ಪಂಕಜಂ ಸೀರೆಯನ್ನು ಸ್ವಲ್ಪ ಮೇಲೆತ್ತಿ ಬಲಗಾಲು ಮುಂದಿಟ್ಟರು. ಮೇಲಿನ ಪದರ ಹಪ್ಪಳದ ಹಾಗೆ ಪುಟ್ ಎಂದು ಒಡೆದು, ಕಾಲು ಗಂಟು ದಾಟಿ ನಾಲ್ಕು ಬೆರಳು ಒಳಗೆ ಹೋಯಿತು. ಅಷ್ಟು ಆಳಕ್ಕೆ ಹೋಗಬಾರದಿತ್ತು.

ಕಾಲು ಏನೂ ಹೇಳಲಿಲ್ಲ. ಒಂಬತ್ತು ತಿಂಗಳಿನಿಂದ ಅವರು ಕಾಲಿನ ಮೌನಕ್ಕೆ ತಮಗೆ ಬೇಕಾದ ಅರ್ಥ ಕೊಟ್ಟುಕೊಂಡು ಬಂದಿದ್ದರು. ಮೀನಖಂಡದ ಗಡಿಯಲ್ಲಿ ಮಾತ್ರ ಒಂದಿಷ್ಟು ಎಳೆಬಿಸಿಲಿನಂಥ ಕಾವು.

"ಏನತ್ತೆ?"

"ತಣ್ಣಗದೆ," ಎಂದರು ಪಂಕಜಂ. "ಏನೂ ಇಲ್ಲ."

"ಅಯ್ಯಪ್ಪಾ, ಉಸಿರು ಬಂತು." ತೆನ್ಮೊಳಿ ಬಾಗಿದ ಪೈಪನ್ನು ನೋಡಿದಳು. "ಹಂಗೇ ನಿಂತಿರ್ರಿ, ಈ ಪೈಪು ನೆಟ್ಟಗೆ ಮಾಡಿಬಿಡ್ತೀನಿ." ಗಿಡದ ಆ ಬದಿಗೆ ಹೋಗುತ್ತ ಮೂಗರಳಿಸಿದಳು. "ಯಾರ ಮನೇಲೋ ಬೆಳಿಗ್ಗೆ ಬೆಳಿಗ್ಗೆನೇ ಆಡಿನ ಕಾಲು ಸುಡ್ತಾ ಇದಾರೆ, ವಾಸನೆ ನೋಡ್ರಿ. ಮಂಗಳವಾರ ಯಾರಪ್ಪಾ ಅದು?"

ಪಂಕಜಂಗೂ ಆ ವಾಸನೆ ಬಂತು. ಭಾನುವಾರಗಳಂದು ಎಷ್ಟೋ ಸಲ ಅವರೇ ಒಲೆಯ ಮುಂದೆ ಕೂತು ಆಡಿನ ಕಾಲನ್ನು ಬೆಂಕಿಯ ಮೇಲೆ ತಿರುಗಿಸುತ್ತ ಕೂದಲು ಸುಟ್ಟವರು. ಮೊದಲು ಕೂದಲು, ಆಮೇಲೆ ಗೊರಸು, ಆಮೇಲೆ ಚರ್ಮ. ಮೂರಕ್ಕೂ ಮೂರು ವಾಸನೆ. ಗಾಳಿಯಿಲ್ಲ. ಅರ್ಧ ಮೈಲಿಯ ತನಕ ತಮ್ಮ ಮನೆ, ಮಿಲ್ಲು ಬಿಟ್ಟರೆ ಬೇರೆ ಮನೆಯೂ ಇಲ್ಲ. ವಾಸನೆ ಅವರ ಸೀರೆಯೊಳಗಿಂದಲೇ ಮೇಲೆ ಬರುತ್ತಿತ್ತು.

ಎದುರಿಗೆ ತೆನ್ಮೊಳಿ ಸೀರೆ ಸೊಂಟಕ್ಕೆ ಸಿಕ್ಕಿಸಿ, ಪೈಪು ಹಿಡಿಯಲು ಬಾಗಿ, ಒಂದು ಕಾಲೆತ್ತಿದ್ದಳು. ಬೆಳ್ಳಿಯ ಕಾಲುಂಗುರ ಹೊಳೆಯಿತು. ಬುಡದ ಆ ಬದಿಯಲ್ಲಿ ಪುಡಿ ಎಷ್ಟು ನುಣ್ಣಗೆ, ಎಷ್ಟು ಮೆತ್ತಗೆ ಕಾಣುತ್ತಿತ್ತು.

"ಇಡಬೇಡ!" ಎಂದು ಕಿರುಚಿದರು ಪಂಕಜಂ. "ತೆನ್ಮೊಳೀ, ಕಾಲಿಡಬೇಡ! ಬೇಯ್ತಾ ಇರೋದು ನನ್ನ ಕಾಲು!"

ತೆನ್ಮೊಳಿ ಎತ್ತಿದ ಕಾಲು ಇಳಿಸದೆ ನಿಂತಳು. "ತಣ್ಣಗದೆ ಅಂದ್ರಲ್ಲ..."

"ನಂಗೆ ಗೊತ್ತಾಗಲ್ಲ ಕಣೇ. ಏನೂ ಗೊತ್ತಾಗಲ್ಲ. ಎಳಿ ನನ್ನ."

ಎಳೆದಾಗ ಕಾಲಿನ ಜೊತೆಗೆ ಒಳಗಿನ ಬಣ್ಣ ಹೊರಬಂತು. ಗುಂಡಿಯ ತಳದಲ್ಲಿ ಕೆಂಡ ಬೆಂಕಿಯ ಹಾಗಿರಲಿಲ್ಲ. ಹಣ್ಣಾದ ಸೀಬೆಯ ತಿರುಳಿನ ಹಾಗೆ, ಮೆದುವಾಗಿ, ಉಸಿರಾಡುತ್ತ ಇತ್ತು. ಗಾಳಿ ತಾಕಿದ್ದೇ ತಡ, ಒಮ್ಮೆ ಅಗಲವಾಗಿ ಕಣ್ಣು ಬಿಟ್ಟಿತು.

ತೆನ್ಮೊಳಿ ಅತ್ತೆಯನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಬೇವಿನ ನೆರಳಿಗೆ ತಂದು, ಅಜ್ಜಿಕಲ್ಲಿನ ಪಕ್ಕದ ಚಪ್ಪಡಿಯ ಮೇಲೆ ಕೂರಿಸಿ, ಬಕೆಟ್ಟಿನ ನೀರಿಗೆ ಬಲಗಾಲು ಇಳಿಸಿದಳು. ಗಂಡ ಶಕ್ತಿವೇಲ್‌ಗೆ ಫೋನು ಮಾಡಿದಳು. ಅವನು ನೆಗಮಂನಲ್ಲಿದ್ದ, ಕಾರು ತರಲು ಇಪ್ಪತ್ತು ನಿಮಿಷ. ಫೋನು ಇಟ್ಟು ನೀರಿನೊಳಗಿನ ಪಾದವನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು.

"ನೋವಾಗ್ತದಾ ಅತ್ತೆ?"

"ಇಲ್ಲ."

"ಯಾವಾಗಿಂದ?"

"ಆಡಿಯಿಂದ."

ತೆನ್ಮೊಳಿ ಬಕೆಟ್ಟಿನ ಪಕ್ಕದಿಂದ ಎದ್ದಳು. ಆಮೇಲೆ ನಿಧಾನವಾಗಿ ಸಾಲುಗಳ ಕಡೆ ತಿರುಗಿದಳು. ಅವಳಿಗೂ ಅದು ಹೊಳೆದಿತ್ತು. "ಹಂಗಾದ್ರೆ ಪಂಗುನೀಲಿ ನೀವು ಸೆರಿ ಅಂದದ್ದು... ನಲವತ್ತು ಗಿಡಕ್ಕೂ..."

"ಕಣ್ಣಳತೆ. ಬೆರಳಿಗೆ ಮಣ್ಣು ಸಿಕ್ತೋ ಇಲ್ವೋ ನಂಗೆ ಗೊತ್ತಿಲ್ಲ. ತಂಗವೇಲು ಹೇಳಿದ, ನಾನೇ ಬಾಯಿ ಮುಚ್ಚಿಸಿದೆ."

"ನಂಗೆ ಹೇಳಬಹುದಿತ್ತಲ್ಲ ಅತ್ತೆ. ನಾನೇನು ಬೇರೆಯವಳಾ?"

ಪಂಕಜಂ ಕೆಳಗೆ ನೋಡಿದರು. ಬಕೆಟ್ಟಿನ ನೀರಲ್ಲಿ ಕಪ್ಪು ಪುಡಿ ಸುತ್ತುತ್ತಿತ್ತು.

"ಬೆಂಕಿ ಒಂದೇ ಗಿಡದಲ್ಲಿ ನಿಂತಿರಲ್ಲ," ಎಂದರು ಕೊನೆಗೆ. "ಹರಡಿ ಹನ್ನೆರಡು ದಿನ ಆಯ್ತು. ಗಿಡದಿಂದ ಗಿಡಕ್ಕೆ ತೂಳು ತಾಕಿಕೊಂಡೇ ಅದೆ. ಎಲ್ಲಿ ತನಕ ಹೋಗದೆ ಅಂತ ನೋಡಬೇಕು, ಶಕ್ತಿ ಬಂದು ಗೊತ್ತಿಲ್ಲದೆ ಒಳಗೆ ನಡೆದ್ರೆ ಗತಿಯೇನು? ತಟ್ಟಿ ಹತ್ತಿರ ಹೋಗಿ ಚಪ್ಪಲಿ ಹಾಕ್ಕೊಂಡು ಬಾ."

ತೆನ್ಮೊಳಿ ಅಜ್ಜಿಕಲ್ಲನ್ನು ನೋಡಿದಳು.

"ಹಾಕ್ಕೋ ಅಂದೆ. ಅವಳು ಕೇಳಿದ್ರೆ ನನ್ನ ಕೇಳಲಿ. ತೂಳಿನ ಮೇಲೆ ಹೋಗಬೇಡ, ನಡುವಿನ ಮಣ್ಣಲ್ಲೇ ನಡಿ. ಕೈ ಮುಟ್ಟಿಸಬೇಡ, ಹಿಂಗೈ ಒಂದು ಗೇಣು ಮೇಲೆ ಹಿಡಿ. ಕಾವು ಇದ್ರೆ ತಿಳಿಯುತ್ತೆ. ಒಂದೊಂದಕ್ಕೂ ಕೂಗಿ ಹೇಳು."

ಆ ತೋಟದಲ್ಲಿ ಮೊದಲ ಬಾರಿಗೆ ಚಪ್ಪಲಿಯ ಸದ್ದು ಕೇಳಿತು. ಪಂಕಜಂ ಕಣ್ಣು ಮುಚ್ಚಿ ಆಲಿಸಿದರು.

"ಒಂದು, ತಣ್ಣಗದೆ ಅತ್ತೆ!"

"ಎರಡು, ತಣ್ಣಗದೆ!"

ಐದಕ್ಕೆ ದನಿ ತಡವಾಯಿತು. "ಐದು... ಬೆಚ್ಚಗದೆ." ಆರು, ಬಿಸಿ. ಏಳನ್ನು ಅವಳು ಹೇಳಲಿಲ್ಲ, ದಾಟಿ ಹೋದಳು. ಎಂಟು, ಬಿಸಿ. ಒಂಬತ್ತು, ಬಿಸಿ. ಹತ್ತರಲ್ಲಿ ತಣ್ಣಗೆ ಎಂದಾಗ ಪಂಕಜಂ ಉಸಿರು ಬಿಟ್ಟರು. ಆದರೆ ಹನ್ನೊಂದರಿಂದ ಸಾಲು ತಿರುಗುತ್ತಿತ್ತು, ಬೇವಿನ ಮರದ ಕಡೆಗೆ. ಹನ್ನೊಂದು, ಬೆಚ್ಚಗೆ. ಹನ್ನೆರಡು, ಬಿಸಿ. ಹದಿಮೂರು. ದನಿ ಹತ್ತಿರವಾಗುತ್ತ ಬಂತು.

ಕಾಲುವೆಯ ಕಡೆಯಿಂದ ಬಂದ ನಾಯಿ ಚಪ್ಪಡಿಯಿಂದ ನಾಲ್ಕು ಮಾರು ದೂರದಲ್ಲೇ ನಿಂತಿತು. ಕರೆದರೂ ಹತ್ತಿರ ಬರಲಿಲ್ಲ. ಅದು ನೋಡುತ್ತಿದ್ದುದು ಪಂಕಜಂ ಅವರ ಮುಖವನ್ನಲ್ಲ.

ಅವರ ಎಡಗಾಲು ಚಪ್ಪಡಿಯ ಕೆಳಗೆ, ಅಂದು ಮೆತ್ತಗಿರಲಿ ಎಂದು ಸುರಿದ ಕಪ್ಪು ಪುಡಿಯ ಮೇಲೆ ಊರಿತ್ತು. ಅದೂ ಏನೂ ಹೇಳುತ್ತಿರಲಿಲ್ಲ. ಈ ಸಲ ಪಂಕಜಂ ಆ ಮೌನಕ್ಕೆ ಅರ್ಥ ಕಟ್ಟಲಿಲ್ಲ. ನಿಧಾನವಾಗಿ ಬಗ್ಗಿ, ಕಾಲಿನ ಪಕ್ಕದಲ್ಲಿ ಹಿಂಗೈ ಹಿಡಿದರು. ಬೆಳಗಿನಿಂದ ಬಿಸಿಲು ತಾಕದ ಬೇವಿನ ನೆರಳು ಅದು, ಆದರೂ ಕಾವು ತಾಕಿತು.

"ಹದಿನಾಲ್ಕು," ಎಂದು ಕೂಗಿದಳು ತೆನ್ಮೊಳಿ, ಹತ್ತು ಹೆಜ್ಜೆ ದೂರದಿಂದ.

ಪಂಕಜಂ ಎರಡೂ ಕೈಯಿಂದ ತಮ್ಮ ಎಡಗಾಲನ್ನು, ಯಾರದೋ ವಸ್ತುವನ್ನು ಎತ್ತಿದ ಹಾಗೆ ಎತ್ತಿ, ಚಪ್ಪಡಿಯ ಮೇಲೆ ಇಟ್ಟುಕೊಂಡರು.

"ಅಲ್ಲೇ ನಿಲ್ಲು ಅಮ್ಮುಣಿ," ಎಂದರು. "ಇಲ್ಲೂ ಅದೆ."